ಇಪ್ಪತ್ತೇಳಕ್ಕೆ ನಿಂತ ಎಣಿಕೆ

ನಮ್ಮೂರಿನ ಚೌಕಕ್ಕೆ ದಿನಾ ಮಧ್ಯಾಹ್ನ ಊಟದ ಹೊತ್ತು ಮುಗಿಯುತ್ತಿದ್ದಂತೆ ನೀರು ಬರುತ್ತದೆ, ಸಂಜೆ ಕಾಫಿಯ ಹೊತ್ತಿಗೆ ಹೋಗುತ್ತದೆ. ಒಂದು ದಿನ ಪಾದ ಮುಳುಗುವಷ್ಟು, ಇನ್ನೊಂದು ದಿನ ದೀಪದ ಕಂಬದ ಕುತ್ತಿಗೆವರೆಗೆ. ಇವತ್ತು ಎಷ್ಟು ಬರುತ್ತದೆಂದು ಮೊದಲೇ ಹೇಳಬಲ್ಲವರು ಯಾರೂ ಇಲ್ಲ, ಹೇಳುತ್ತೇನೆಂದು ಮೀಸೆ ತಿರುವುವವರು ಓಣಿಗೆ ಹತ್ತು ಜನ ಇದ್ದಾರೆ. ಬೇರೆ ಊರಿನವರಾಗಿದ್ದರೆ ಇಂಥ ನೀರು ನೋಡಿ ಈಜು ಕಲಿಯುತ್ತಿದ್ದರು. ನಮ್ಮವರು ಮರ್ಯಾದೆ ಕಲಿತರು.

ಅಂಗಡಿಗಳೆಲ್ಲ ಹದಿನೈದು ಮೆಟ್ಟಿಲ ಮೇಲಿವೆ. ಒಂದು ಅಂಗಡಿಯ ಮೆಟ್ಟಿಲಿಂದ ಇನ್ನೊಂದರ ಮೆಟ್ಟಿಲಿಗೆ ಖಾಲಿ ಡ್ರಮ್ಮುಗಳ ಮೇಲೆ ಹಲಗೆ ಕಟ್ಟಿದ್ದೇವೆ. ನೀರು ಏರಿದಂತೆ ಹಲಗೆ ಏರುತ್ತದೆ, ಇಳಿದಂತೆ ಇಳಿಯುತ್ತದೆ. ಅದರ ಮೇಲೆ ಹಾಲಿನವನು ಹೋಗುತ್ತಾನೆ, ಮದುವೆ ದಿಬ್ಬಣ ಹೋಗುತ್ತದೆ, ಹೆಣವೂ ಹೋಗುತ್ತದೆ. ಆಗಾಗ ಒಬ್ಬರು ಕಾಲು ಜಾರಿ ಬೀಳುತ್ತಾರೆ. ಆಗ ಸುತ್ತ ಇರುವ ನಾವೆಲ್ಲ ಗೋಡೆಯ ಕಡೆ ಮುಖ ತಿರುಗಿಸಿ ನಿಲ್ಲಬೇಕು. ಪುರಸಭೆಯ ಎಣಿಕೆ ಜವಾನ ಗಟ್ಟಿಯಾಗಿ ಒಂದರಿಂದ ನೂರರವರೆಗೆ ಎಣಿಸಬೇಕು. ನೂರು ಅಂದ ಮೇಲೆ ತಿರುಗಬಹುದು. ಅಷ್ಟರಲ್ಲಿ ಬಿದ್ದವರು ಎದ್ದು, ಬಟ್ಟೆ ಸರಿಮಾಡಿಕೊಂಡು, ಏನೂ ಆಗದವರ ಹಾಗೆ ಹಲಗೆಯ ಮೇಲೆ ನಿಂತಿರುತ್ತಾರೆ. ಬಿದ್ದವರು ಯಾರು ಎಂದು ಕೇಳುವುದು ಕೂಡ ಒರಟುತನ.

ಆ ಎಣಿಕೆ ಜವಾನ ನಾನೇ. ಹೆಸರು ಗುರುಶಾಂತ. ನನಗಿಂತ ಮೊದಲು ನಮ್ಮಪ್ಪ ಎಣಿಸುತ್ತಿದ್ದ.

ಈ ಕಾನೂನು ಹುಟ್ಟಿದ್ದು ಈಗಿನ ಅಧ್ಯಕ್ಷ ಮರುಳಸಿದ್ದಪ್ಪನವರ ತಾತನಿಂದ. ಅವರೂ ಅಧ್ಯಕ್ಷರೇ. ಸೊಂಟ ಮಟ್ಟದ ನೀರಿನ ದಿನ ಹಲಗೆಯಿಂದ ಜಾರಿದರು, ಪಂಚೆ ಅವರನ್ನು ಬಿಟ್ಟು ತಾನೇ ತೇಲಿಕೊಂಡು ಹೋಯಿತು. ದೊಡ್ಡವರ ಮಾನ ಕಾಯಬೇಕಲ್ಲ, ಊರಿಗೆ ಊರೇ ಬೆನ್ನು ತಿರುಗಿಸಿತು. ಪಂಚೆ ಹಿಡಿದು ತಂದು ಸುತ್ತಿಕೊಳ್ಳಲು ಅವರಿಗೆ ನೂರು ಎಣಿಸುವಷ್ಟು ಹೊತ್ತು ಬೇಕಾಯಿತು. ಮರುದಿನವೇ ಠರಾವು ಪಾಸಾಯಿತು. ಸೊಂಟ ಮಟ್ಟದ ನೀರಿನಲ್ಲಿ ಒಬ್ಬ ಮುದುಕನ ಪಂಚೆ ಕಳಚಿದ್ದಕ್ಕೆ ಮಾಡಿದ ಕಾನೂನನ್ನು ನಾವು ಎರಡಾಳುದ್ದದ ನೀರಿಗೂ ಹಚ್ಚಿಕೊಂಡು ಅರವತ್ತು ವರ್ಷ ಎದೆ ಸೆಟೆಸಿ ಓಡಾಡಿದೆವು.

ಹೆಚ್ಚಿನವರು ಏಳುತ್ತಿದ್ದರು, ಯಾಕೆಂದರೆ ಹೆಚ್ಚಿನ ದಿನ ನೀರು ಮೊಳಕಾಲಿಗೂ ಬರುತ್ತಿರಲಿಲ್ಲ. ಏಳದವರನ್ನು ಕೊಕ್ಕೆಯಿಂದ ತೆಗೆದು, ಪುರಸಭೆಯ ಮುಂದಿರುವ ಪೀಪಾಯಿಯ ಮೇಲೆ ಬೋರಲು ಹಾಕಿ, ಹೊಟ್ಟೆಯೊಳಗಿನ ನೀರು ಹೊರಬರಲಿ ಎಂದು ಆ ತುದಿಯಿಂದ ಈ ತುದಿಗೆ ಉರುಳಿಸುತ್ತಿದ್ದೆವು. ಇಲ್ಲಿಯವರೆಗೆ ಹದಿನಾಲ್ಕು ಜನರನ್ನು ಉರುಳಿಸಿದ್ದೇವೆ. ಒಬ್ಬರೂ ಕಣ್ಣು ಬಿಡಲಿಲ್ಲ. ಹಾಗಂತ ಪೀಪಾಯಿಯ ಮೇಲೆ ಯಾರಿಗೂ ಅನುಮಾನ ಬರಲಿಲ್ಲ, ವರ್ಷಕ್ಕೊಮ್ಮೆ ಅದಕ್ಕೆ ಹಸಿರು ಬಣ್ಣ ಬಳಿಯುತ್ತೇವೆ. ಸತ್ತವರ ಹೆಸರನ್ನು ‘ನೀರಿಗೆ ಒಲಿದವರು’ ಎಂಬ ಅಮೃತಶಿಲೆಯ ಹಲಗೆಯಲ್ಲಿ ಕೆತ್ತಿಸುತ್ತೇವೆ. ಒಲಿದರಂತೆ. ನಾಚಿಕೆ ಅನ್ನುವುದು ನಮ್ಮೂರಿನ ಕಡೆ ಸುಳಿದೂ ನೋಡಿಲ್ಲ.

ಕೊನೆಯ ಹೆಸರು ಷಡಕ್ಷರಿಯದು. ಸೈಕಲ್ ರಿಪೇರಿ ಮಾಡುತ್ತಿದ್ದ. ಹದಿನೈದು ಮೆಟ್ಟಿಲ ಮೇಲೆ ಸೈಕಲ್ ಅಂಗಡಿ ಇಟ್ಟವನು ಅಂತ ಜನ ಆಡಿಕೊಳ್ಳುತ್ತಿದ್ದರು, ಅವನೂ ಜೊತೆಗೆ ನಗುತ್ತಿದ್ದ. ಎಂಟು ವರ್ಷದ ಹಿಂದೆ ಒಂದು ಮಧ್ಯಾಹ್ನ ಚಕ್ರವೊಂದನ್ನು ಹೆಗಲಿಗೆ ಹಾಕಿಕೊಂಡು ಹಲಗೆ ದಾಟುವಾಗ ಬಿದ್ದ. ಸುತ್ತ ಮೂವತ್ತು ಜನ ಇದ್ದೆವು. ಮೂವತ್ತೂ ಜನ ಮುಖ ತಿರುಗಿಸಿದೆವು. ನಾನು ನೂರು ಎಣಿಸಿದೆ. ತಿರುಗಿದಾಗ ನೀರಿನ ಮೇಲೆ ಏನೂ ಇರಲಿಲ್ಲ.

ಅವನ ಹೆಂಡತಿ ಚನ್ನಾಜಮ್ಮ ಹೊರಗಿನ ಊರಿನವಳು, ಆ ದಿನ ತವರಿಗೆ ಹೋಗಿದ್ದಳು. ಬಂದವಳು ಎದೆ ಬಡಿದುಕೊಂಡು ಅಳುತ್ತಾಳೆಂದು ನಾವೆಲ್ಲ ಸಮಾಧಾನದ ಮಾತು ಜೋಡಿಸಿಕೊಂಡು ನಿಂತಿದ್ದೆವು. ಅವಳು ಅಳುವ ಮೊದಲು ಮೂವತ್ತು ಜನರನ್ನೂ ಒಬ್ಬೊಬ್ಬರಾಗಿ ಹಿಡಿದು ಒಂದೇ ಪ್ರಶ್ನೆ ಕೇಳಿದಳು. ಅವರು ಕೂಗಿದರಾ, ಕೈ ಎತ್ತಿದರಾ, ಕೊನೆಗೆ ಹೇಗಿದ್ದರು? ನೋಡಲಿಲ್ಲವಮ್ಮ, ನೋಡಬಾರದಲ್ಲ ಎಂದು ಒಬ್ಬೊಬ್ಬರೂ ಹೆಮ್ಮೆಯಿಂದ ಹೇಳಿದರು. ಕೂಗು ಕೇಳಲಿಲ್ಲ, ಕಷ್ಟ ಇದ್ದಿದ್ದರೆ ಕೂಗುತ್ತಿದ್ದನಲ್ಲ ಅಂತಲೂ ಸೇರಿಸಿದರು. ನನ್ನ ಸರದಿ ಬಂದಾಗ ನಾನೂ ನೋಡಲಿಲ್ಲ ಅಂದೆ.

ಅದು ಸುಳ್ಳು. ಇಷ್ಟು ಹೊತ್ತು ಊರಿಗೆ ಉಗಿಯುತ್ತಿರುವ ಈ ಬಾಯಿಂದಲೇ ಬಂದ ಸುಳ್ಳು. ಎಣಿಕೆಯ ನಡುವೆ ಕತ್ತು ತಿರುಗಿಸಿ ನಾನು ನೋಡಿದ್ದೆ. ಎಂಟು ವರ್ಷ ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು ಅವಳ ಅಂಗಡಿಯ ಮುಂದೆ ತಲೆ ತಗ್ಗಿಸಿ ಓಡಾಡಿದ್ದೇನೆ.

ಚನ್ನಾಜಮ್ಮ ಪೀಪಾಯಿಯ ಉರುಳಾಟವನ್ನು ನಂಬದೆ ಗಂಡನನ್ನು ಗಾಡಿಯಲ್ಲಿ ಹಾಕಿಸಿಕೊಂಡು ಗುಡ್ಡದಾಚೆಯ ಆಸ್ಪತ್ರೆಗೆ ಹೋಗಿದ್ದಳು. ಅಲ್ಲಿನ ನರ್ಸಮ್ಮ ಎಷ್ಟು ಹೊತ್ತು ನೀರಲ್ಲಿದ್ದರು, ತೆಗೆದ ಮೇಲೆ ಉಸಿರು ಕೊಟ್ಟವರು ಯಾರು ಎಂದು ಕೇಳಿದಳಂತೆ. ಉಸಿರು ಕೊಡುವುದು ಅಂದರೇನು ಎಂದು ಇವಳು ಕೇಳಿದ್ದಕ್ಕೆ ಆ ನರ್ಸಮ್ಮ ಕೈಲಿದ್ದ ಕೆಲಸ ಬಿಟ್ಟಳಂತೆ. ಆಮೇಲೆ ಕೂರಿಸಿಕೊಂಡು ಎಲ್ಲ ಹೇಳಿದಳು. ಮುಳುಗುವವರು ಕೂಗುವುದಿಲ್ಲ, ಕೂಗಲು ಬೇಕಾದ ಗಾಳಿಯೇ ಅವರ ಹತ್ತಿರ ಇರುವುದಿಲ್ಲ. ಕೈ ಬೀಸುವುದೂ ಇಲ್ಲ. ಸದ್ದಿಲ್ಲದೆ ಎರಡು ಮೂರು ನಿಮಿಷದಲ್ಲಿ ಮುಗಿದುಹೋಗುತ್ತದೆ. ಬರಿಗೈಲಿ ಹಾರಿದವನನ್ನು ಅವರು ಗೊತ್ತಿಲ್ಲದೆಯೇ ಅಪ್ಪಿ ಮುಳುಗಿಸುತ್ತಾರೆ, ಅದಕ್ಕೆ ಮೊದಲು ತೇಲುವಂಥದ್ದೇನಾದರೂ ಎಸೆಯಬೇಕು. ಮೇಲೆ ತಂದ ಮೇಲೆ ಉಸಿರಿಲ್ಲದಿದ್ದರೆ ನೀರು ಬಸಿಯುತ್ತ ಕೂರದೆ ಬಾಯಿಗೆ ಬಾಯಿಟ್ಟು ಗಾಳಿ ಊದಬೇಕು, ಎದೆ ಒತ್ತಬೇಕು. ದಿಂಬೊಂದನ್ನು ಮಂಚದ ಮೇಲೆ ಹಾಕಿ ಒತ್ತಿಸಿ ಕಲಿಸಿದಳಂತೆ. ಹೊರಗೆ ವರಾಂಡದಲ್ಲಿ ಗಂಡನ ಹೆಣ, ಒಳಗೆ ಇವಳು ದಿಂಬು ಒತ್ತುತ್ತಿದ್ದಾಳೆ. ಇದನ್ನೆಲ್ಲ ಅವಳು ಹೇಳಿದ್ದು ನನ್ನ ತಂಗಿ ದಾಕ್ಷಾಯಿಣಿಯ ಹತ್ತಿರ.

ತಿಥಿ ಮುಗಿದ ಮಾರನೆಯ ದಿನ ಚನ್ನಾಜಮ್ಮ ಅಂಗಡಿಯ ಬೀಗ ತೆಗೆದಳು. ಪಂಕ್ಚರ್ ಹಾಕುವುದನ್ನು ಗಂಡನನ್ನು ನೋಡಿಯೇ ಕಲಿತಿದ್ದಳು. ಲಾರಿಯ ಹಳೆಯ ಟ್ಯೂಬುಗಳೆರಡಕ್ಕೆ ತೇಪೆ ಹಾಕಿ, ಬಿಗಿಯಾಗಿ ಗಾಳಿ ತುಂಬಿ, ಉದ್ದದ ನೈಲಾನ್ ಹಗ್ಗ ಕಟ್ಟಿ ಮೆಟ್ಟಿಲ ಬದಿಯ ಕಂಬಕ್ಕೆ ತಗುಲಿಹಾಕಿದಳು. ದಿನಾ ನೀರು ಬರುವ ಮೊದಲು ಹೆಬ್ಬೆರಳಲ್ಲಿ ಒತ್ತಿ ಗಾಳಿ ನೋಡುತ್ತಿದ್ದಳು. ನೀರಿದ್ದಷ್ಟು ಹೊತ್ತೂ ಕೆಲಸ ಬಿಟ್ಟು ಮೆಟ್ಟಿಲ ಮೇಲೆ ಕೂತು ನೀರನ್ನೇ ನೋಡುತ್ತಿದ್ದಳು. ಊರಿನವರ ಕಣ್ಣಿಗೆ ಅದಕ್ಕಿಂತ ದೊಡ್ಡ ಅಸಹ್ಯ ಇರಲಿಲ್ಲ. ಗಂಡ ಸತ್ತವಳು ಬಿದ್ದವರ ಮೈ ನೋಡಲು ಕಾದು ಕೂತಿದ್ದಾಳೆ ಅಂತ ಹೋಟೆಲಿನ ಮಹಡಿಯ ಮೇಲೆ ಹಪ್ಪಳ ಕಡಿಯುತ್ತ ಮಾತಾಡಿದರು. ಆಡಿದವರಲ್ಲಿ ಒಬ್ಬನಿಗೂ ಮೈ ಒದ್ದೆ ಮಾಡಿಕೊಂಡ ಅಭ್ಯಾಸವಿರಲಿಲ್ಲ.

ಮರ್ಯಾದೆಯ ಕಾನೂನಿಗೆ ಅರವತ್ತು ತುಂಬಿತೆಂದು ಈ ವರ್ಷ ಸಮಾರಂಭ ಗೊತ್ತಾಯಿತು. ಹೊರಗಿನಿಂದ ಅತಿಥಿಗಳು ಬರುತ್ತಾರೆ, ಕಂಬಕ್ಕೆ ನೇತಾಡುವ ಟ್ಯೂಬು ನೋಡಿದರೆ ನಮ್ಮ ನೀರು ಕೊಲ್ಲುತ್ತದೆ ಅಂದುಕೊಂಡಾರು ಎಂದು ಮರುಳಸಿದ್ದಪ್ಪನವರು ಕಳವಳಪಟ್ಟರು. ಹದಿನಾಲ್ಕು ಹೆಸರಿನ ಕಲ್ಲಿಗೆ ಒರಗಿಕೊಂಡೇ ಕಳವಳಪಟ್ಟರು. ಹಗ್ಗ ಕತ್ತರಿಸಿ ತರಲು ನನಗೆ ಆಜ್ಞೆಯಾಯಿತು.

ಚಾಕು ಹಿಡಿದು ಹೋದೆ. ಚನ್ನಾಜಮ್ಮ ಬೋಗುಣಿಯ ನೀರಿನಲ್ಲಿ ಟ್ಯೂಬು ಅದ್ದಿ ತೂತು ಹುಡುಕುತ್ತಿದ್ದಳು. ನೋಡಿ ಎದ್ದೂ ನಿಲ್ಲಲಿಲ್ಲ.

“ಕತ್ತರಿಸ್ಕೊಂಡು ಹೋಗು ಗುರುಶಾಂತಣ್ಣ. ಆದ್ರೆ ನಾಳೆಯಿಂದ ಆ ಕಂಬದ ಹತ್ರ ನೀನೇ ನಿಂತ್ಕೋಬೇಕು. ನೀರಿನ ಕಡೆ ಮುಖ ಮಾಡ್ಕೊಂಡು.”

ಚಾಕು ಜೇಬಿಗಿಟ್ಟೆ. ವಾಪಸು ಹೋಗಿ ಗಂಟು ಬಹಳ ಬಿಗಿ, ಚಾಕು ಮೊಂಡು ಎಂದು ವರದಿ ಒಪ್ಪಿಸಿದೆ. ಹೊಸ ಚಾಕು ತರಿಸುವ ವಿಷಯವನ್ನು ಮುಂದಿನ ಸಭೆಗೆ ಹಾಕಿದರು. ನಮ್ಮ ಪುರಸಭೆಯಿಂದ ಊರಿಗೆ ಆದ ಉಪಕಾರ ಅದೊಂದೇ.

ಸಮಾರಂಭದ ದಿನ ನೀರು ದೀಪದ ಕಂಬದ ಕುತ್ತಿಗೆ ಮುಟ್ಟಿತು. ಡ್ರಮ್ಮುಗಳ ಮೇಲೆ ಕಟ್ಟಿದ ವೇದಿಕೆ ತೇಲುತ್ತಿತ್ತು. ಮೆಟ್ಟಿಲು ಮಹಡಿಗಳ ತುಂಬ ಜನ. ಮರುಳಸಿದ್ದಪ್ಪನವರು ನಮ್ಮ ಊರಿನ ಸಂಸ್ಕಾರದ ಬಗ್ಗೆ ಮಾತಾಡುತ್ತ ಮಾತಾಡುತ್ತ ತಾತನ ಪಂಚೆಯ ಪ್ರಸಂಗ ಬಂದಾಗ ಶಲ್ಯದಿಂದ ಕಣ್ಣೊರೆಸಿಕೊಂಡರು. ಹಾರಗಳ ತಟ್ಟೆ ಹಿಡಿದು ಹಲಗೆಯ ಮೇಲೆ ವೇದಿಕೆಯ ಕಡೆ ಹೊರಟವಳು ದಾಕ್ಷಾಯಿಣಿ. ನನಗೆ ಇರುವವಳು ಅವಳೊಬ್ಬಳೇ. ಇಬ್ಬರಿಗೂ ಮದುವೆಯಿಲ್ಲ, ಒಂದೇ ಮನೆ, ಒಂದೇ ಒಲೆ. ಬೆಳಿಗ್ಗೆ ನನ್ನ ಸಮವಸ್ತ್ರ ಇಸ್ತ್ರಿ ಮಾಡಿಕೊಡುತ್ತ, ನಿನ್ನ ಎಣಿಕೆಯಿಂದ ಯಾರ ಮನೆ ಉದ್ಧಾರವಾಯಿತೋ ಅಂತ ಚುಚ್ಚಿದ್ದಳು.

ಅರ್ಧ ದಾರಿಯಲ್ಲಿ ಹಲಗೆ ವಾಲಿತು. ತಟ್ಟೆ ಒಂದು ಕಡೆ, ಅವಳು ಒಂದು ಕಡೆ.

ಇಡೀ ಚೌಕ ಒಟ್ಟಿಗೆ ಗೋಡೆಗೆ ತಿರುಗಿತು. ವೇದಿಕೆಯ ಮೇಲಿದ್ದವರು ಪರದೆಗೆ ತಿರುಗಿದರು, ಅತಿಥಿಗಳನ್ನೂ ತೋಳು ಹಿಡಿದು ತಿರುಗಿಸಿದರು. ಹೇಳಲು ನಾಲಿಗೆ ಬರುವುದಿಲ್ಲ, ಆದರೂ ಹೇಳುತ್ತೇನೆ: ನನ್ನ ಕತ್ತೂ ತಿರುಗಿತು. ಬಿದ್ದವಳು ನನ್ನ ಒಡಹುಟ್ಟಿದವಳು ಅಂತ ಗೊತ್ತಿದ್ದೂ ತಿರುಗಿತು. ಬಾಯಿ ತಾನಾಗಿ ತೆರೆದು ಒಂದು, ಎರಡು, ಮೂರು ಎಂದು ಶುರುಮಾಡಿತು. ಬಾಯಿ ತನ್ನ ಕೆಲಸ ಮಾಡುತ್ತಿತ್ತು. ಇಷ್ಟು ವರ್ಷದ ಸೇವೆ ಅಂದರೆ ಅದು.

ಇಪ್ಪತ್ತೇಳು ಅನ್ನುವ ಹೊತ್ತಿಗೆ ಹಿಂದಿನಿಂದ ಚನ್ನಾಜಮ್ಮನ ದನಿ ಕೇಳಿತು. ಕಿರುಚಲಿಲ್ಲ, ಅಂಗಡಿಯಲ್ಲಿ ನಟ್ಟು ಬಿಗಿಯುವ ಪಾನ ಕೇಳುವ ಹಾಗೇ ಕೇಳಿದಳು.

“ಎಣಿಸ್ಬೇಡ. ತಿರುಗು. ಬಂದು ಹಗ್ಗ ಹಿಡಿ.”

ತಿರುಗಿದೆ. ತಂಗಿಯ ಮುಖವಷ್ಟೇ ನೀರಿನ ಮೇಲಿತ್ತು, ತಲೆ ಹಿಂದಕ್ಕೆ ವಾಲಿ ಬಾಯಿ ಆಕಾಶದ ಕಡೆ ತೆರೆದುಕೊಂಡಿತ್ತು. ಕೂದಲು ಕಣ್ಣಿಗೆ ಬಿದ್ದಿತ್ತು, ಸರಿಸಿಕೊಳ್ಳಲೂ ಆಗುತ್ತಿರಲಿಲ್ಲ. ಎರಡೂ ಕೈ ಪಕ್ಕಕ್ಕೆ ಚಾಚಿ ನೀರನ್ನು ಕೆಳಕ್ಕೆ ಒತ್ತುತ್ತಿದ್ದಳು. ಒಂದು ಸದ್ದಿಲ್ಲ. ಈ ನೋಟವನ್ನು ನಾನು ಮೊದಲೊಮ್ಮೆ ನೋಡಿದ್ದೆ.

ಹಲಗೆಯ ಮೇಲೆ ನಿಂತಿದ್ದ ಚನ್ನಾಜಮ್ಮನ ಬಳಿಗೆ ಓಡಿದೆ. ಅವಳು ಮೊದಲ ಟ್ಯೂಬು ಎಸೆದಳು, ಗೇಣು ದೂರ ಬಿತ್ತು. ಎಳೆದುಕೊಂಡು ಮತ್ತೆ ಎಸೆದಳು, ಈ ಸಲ ತಂಗಿಯ ಭುಜಕ್ಕೇ ತಗುಲಿತು. ದಾಕ್ಷಾಯಿಣಿ ಹಿಡಿಯಲಿಲ್ಲ. ಹಿಡಿಯುವ ಶಕ್ತಿ ದಾಟಿಹೋಗಿತ್ತು, ಮುಖವೂ ಮುಳುಗಿತು. ನಾನು ಹಾರಲು ಹೋದೆ. ಚನ್ನಾಜಮ್ಮ ನನ್ನ ಅಂಗಿಯ ಕೊರಳು ಹಿಡಿದು ಹಲಗೆಗೆ ಕೆಡವಿದಳು. ಬೋರಲು ಮಲಗು, ಹಗ್ಗ ಬಿಟ್ಟೀಯ ಅಂದಳು. ಎರಡನೆಯ ಟ್ಯೂಬನ್ನು ಕಂಕುಳವರೆಗೆ ಏರಿಸಿಕೊಂಡು, ಅದರ ಹಗ್ಗ ನನ್ನ ಕೈಗೆ ಸುತ್ತಿ, ಸೀರೆ ಕಚ್ಚೆ ಕಟ್ಟಿ ಇಳಿದಳು. ಕಾಲು ಬಡಿಯುತ್ತ ಹೋಗಿ, ನೀರೊಳಗೆ ಕೈ ಹಾಕಿ, ಬೆನ್ನ ಕಡೆಯಿಂದ ಜಡೆ ಸಿಕ್ಕಿತೋ ರವಿಕೆ ಸಿಕ್ಕಿತೋ ಹಿಡಿದು ಮೇಲೆತ್ತಿದಳು. ನಾನು ಎಳೆದೆ. ಅಂಗೈ ಸುಲಿದುಹೋಯಿತು, ಗೊತ್ತಾಗಲಿಲ್ಲ.

ಮೆಟ್ಟಿಲ ಮೇಲೆ ಮಲಗಿಸಿದಾಗ ತಂಗಿಯ ತುಟಿ ನೇರಳೆ ಬಣ್ಣಕ್ಕೆ ತಿರುಗಿತ್ತು. ಉಸಿರಿರಲಿಲ್ಲ. ಪೀಪಾಯಿ, ಪೀಪಾಯಿ ತರಿಸಿ ಅಂತ ನನ್ನ ಬಾಯಿಂದ ಬಂತು. ಚನ್ನಾಜಮ್ಮ ನನ್ನನ್ನು ಪಕ್ಕಕ್ಕೆ ತಳ್ಳಿದಳು.

“ನೀರು ತೆಗೆಯೋದಲ್ಲ, ಗಾಳಿ ತುಂಬೋದು,” ಅಂದಳು.

ದಾಕ್ಷಾಯಿಣಿಯ ಗದ್ದ ಎತ್ತಿ, ಮೂಗು ಒತ್ತಿ, ಬಾಯಿಗೆ ಬಾಯಿಟ್ಟು ಊದಿದಳು. ಎದೆ ಮೇಲೇರುವುದು ಕಂಡಿತು. ಐದು ಸಲ ಊದಿ, ಎದೆಯ ನಡುವೆ ಎರಡೂ ಕೈ ಜೋಡಿಸಿಟ್ಟು ಒತ್ತಲು ಕೂತಳು.

“ಈಗ ಎಣಿಸು. ಮೂವತ್ತರ ತನಕ. ಬೇಗ ಬೇಗ. ಪುರಸಭೆ ಎಣಿಕೆ ಬೇಡ.”

ಎಣಿಸಿದೆ. ಹುಟ್ಟಿದಾಗಿನಿಂದ ಮೊದಲ ಸಲ ಯಾರ ಉಪಯೋಗಕ್ಕಾದರೂ ಎಣಿಸಿದೆ. ಮೂವತ್ತಕ್ಕೆ ಎರಡು ಉಸಿರು, ಮತ್ತೆ ಒಂದರಿಂದ. ಅಷ್ಟು ಹೊತ್ತೂ ನಮ್ಮ ಊರು ಏನು ಮಾಡುತ್ತಿತ್ತು ಗೊತ್ತೇ? ಗೋಡೆ ನೋಡುತ್ತಿತ್ತು. ಎಣಿಕೆ ಇಪ್ಪತ್ತೇಳಕ್ಕೆ ನಿಂತಿತ್ತು, ನೂರು ಯಾರೂ ಹೇಳಿರಲಿಲ್ಲ, ನೂರಾಗದೆ ತಿರುಗುವುದು ಹೇಗೆ? ನೂರಾರು ಬೆನ್ನುಗಳು. ಅವುಗಳ ನಡುವಿಂದ ಗೊಣಗಾಟ ಶುರುವಾಯಿತು. ಮೂವತ್ತಾದ ಮೇಲೆ ಮತ್ತೆ ಒಂದು ಅನ್ನುತ್ತಿದ್ದಾನಲ್ಲ, ಜವಾನನಿಗೆ ತಲೆ ಕೆಟ್ಟಿದೆ ಅಂತ ಒಬ್ಬರು. ಅತಿಥಿಗಳ ಮುಂದೆ ಮಾನ ಹೋಯಿತು ಅಂತ ಇನ್ನೊಬ್ಬರು. ವೇದಿಕೆಯಿಂದ ಮರುಳಸಿದ್ದಪ್ಪನವರು ಪರದೆಗೆ ಮೂಗು ತಾಗಿಸಿಕೊಂಡೇ ಗದರಿದರು.

“ಇಪ್ಪತ್ತೇಳಕ್ಕೆ ಬಿಟ್ಟಿದ್ದೀಯ ಕಣಯ್ಯ. ಇಪ್ಪತ್ತೆಂಟರಿಂದ ಹೇಳು.”

ನಾಲ್ಕನೆಯ ಮೂವತ್ತು ಮುಗಿಯುವಾಗ ದಾಕ್ಷಾಯಿಣಿಯ ಹೊಟ್ಟೆ ಎಳೆಯಿತು. ಕೆಮ್ಮಿದಳು, ಬೆಳಗಿನ ಉಪ್ಪಿಟ್ಟು, ನೀರು ಎಲ್ಲ ಕಾರಿಕೊಂಡಳು. ಚನ್ನಾಜಮ್ಮ ಥಟ್ಟನೆ ಅವಳನ್ನು ಮಗ್ಗುಲಿಗೆ ಹೊರಳಿಸಿ ಬಾಯಿ ಒರೆಸಿದಳು. ತಂಗಿ ಎಳೆದೆಳೆದು ಉಸಿರಾಡುತ್ತಿದ್ದಳು. ಆ ಕೆಟ್ಟ ಸದ್ದಿನಷ್ಟು ಒಳ್ಳೆಯ ಸದ್ದನ್ನು ನಾನು ಕೇಳಿಲ್ಲ. ನಾನು ಮೆಟ್ಟಿಲ ಮೇಲೆ ಕೂತು ಮಕ್ಕಳ ಹಾಗೆ ಅತ್ತೆ. ಎದ್ದಳಲ್ಲ ಅಂತ ಸುಮ್ಮನಿರಬಾರದು, ನೀರು ಒಳಗೆ ಹೋದವರು ರಾತ್ರಿಯೊಳಗೆ ಮತ್ತೆ ಕೆಡಬಹುದು ಎಂದು ಚನ್ನಾಜಮ್ಮನೇ ಎಬ್ಬಿಸಿ, ತಂಗಿಯನ್ನು ಹೊದಿಸಿ, ನೀರು ಹತ್ತದ ಹಿಂದಿನ ಓಣಿಯಿಂದ ಗುಡ್ಡದಾಚೆಯ ಆಸ್ಪತ್ರೆಗೆ ಹೊರಡಿಸಿದಳು. ಹೂವಿನಿಂದ ಸಿಂಗರಿಸಿದ್ದ ಅಧ್ಯಕ್ಷರ ಜೀಪೇ ಸಿಕ್ಕಿತು. ಕೇಳದೆ ತೆಗೆದುಕೊಂಡೆವು, ನೋಡುವವರು ಯಾರಿದ್ದರು?

ನೀರಿಳಿಯುವವರೆಗೂ ಕೆಲವರು ಗೋಡೆಯ ಕಡೆಯೇ ನಿಂತಿದ್ದರಂತೆ.

ಮೂರು ದಿನದ ಮೇಲೆ ತಂಗಿಯನ್ನು ಕರೆದುಕೊಂಡು ಬಂದೆ. ಅಷ್ಟರಲ್ಲಿ ಸಭೆ ಸೇರಿತ್ತು. ಎಣಿಕೆ ತಪ್ಪಿಸಿದ್ದಕ್ಕೆ ನನ್ನನ್ನು ಕೆಲಸದಿಂದ ತೆಗೆದಿದ್ದರು. ಘಟನೆಯಿಂದ ಪಾಠ ಕಲಿತು ಕಾನೂನನ್ನೂ ತಿದ್ದಿದ್ದರು: ಇನ್ನು ಮೇಲೆ ನೂರು ಬೇಡ, ಐವತ್ತು ಎಣಿಸಿದರೆ ಸಾಕು. ಇಷ್ಟು ದೊಡ್ಡ ಸುಧಾರಣೆಗೆ ತಮ್ಮ ಬೆನ್ನನ್ನು ತಾವೇ ತಟ್ಟಿಕೊಂಡರು. ಚನ್ನಾಜಮ್ಮನ ಹೆಸರನ್ನು ಒಬ್ಬರೂ ಎತ್ತಲಿಲ್ಲ. ಹೆಂಗಸು ಹೆಂಗಸಿನ ಬಾಯಿಗೆ ಬಾಯಿಟ್ಟಳಂತೆ ಎಂದು ಮಾತ್ರ, ನೋಡದೇ ಇದ್ದವರೆಲ್ಲ ಕಣ್ಣಾರೆ ಕಂಡವರ ಹಾಗೆ ಹೇಳಿಕೊಂಡು ತಿರುಗಿದರು. ಇವರ ಮುಖಕ್ಕಿಷ್ಟು.

ಅದೇ ದಿನ ಸಂಜೆ ನೀರಿಳಿದ ಮೇಲೆ ಸೈಕಲ್ ಅಂಗಡಿಯ ಮೆಟ್ಟಿಲು ಹತ್ತಿದೆ. ಅವಳು ಬೋಗುಣಿಯ ಮುಂದೆ ಕೂತಿದ್ದಳು. ಕೃತಜ್ಞತೆ ಹೇಳಲು ಬಂದೆ ಅಂದುಕೊಂಡಿರಬೇಕು, ದಾಕ್ಷಾಯಿಣಿ ಊಟ ಮಾಡುತ್ತಾಳಾ ಎಂದು ಕೇಳಿದಳು. ನನಗೆ ಕೂರಲಾಗಲಿಲ್ಲ, ನಿಂತೇ ಹೇಳಿದೆ.

“ಷಡಕ್ಷರಿ ಬಿದ್ದಾಗ ನಾನು ನೋಡಿದ್ದೆ ಚನ್ನಾಜಮ್ಮ.”

ಟ್ಯೂಬು ಹಿಡಿದ ಅವಳ ಕೈ ನೀರಿನಲ್ಲಿ ಹಾಗೇ ನಿಂತಿತು.

“ಕೂಗಿದ್ರಾ?”

“ಇಲ್ಲ. ಕೈನೂ ಎತ್ತಲಿಲ್ಲ. ಎತ್ತೋಕೆ ಆಗ್ತಿರ್ಲಿಲ್ಲ, ದಾಕ್ಷಾಯಿಣಿಗೆ ಆದ ಹಾಗೇ. ಮುಖ ಮೇಲಿತ್ತು. ಕಣ್ಣು ಬಿಟ್ಟಿತ್ತು. ನನ್ನ ಕಡೆ ನೋಡ್ತಿದ್ದ.”

“ಎಷ್ಟು ಎಣಿಸಿದ್ದೆ ಆಗ?”

“ಹದಿನೆಂಟು.”

“ನೋಡಿ ಏನು ಮಾಡ್ದೆ?”

ಎಂಟು ವರ್ಷದಿಂದ ನಾನು ಯಾರಿಗೂ ಹೇಳದೆ ಇಟ್ಟುಕೊಂಡಿದ್ದದ್ದು ಅದೊಂದೇ ಮಾತು.

“ಹತ್ತೊಂಬತ್ತು ಅಂದೆ.”

ಅವಳು ಬೋಗುಣಿಯಲ್ಲಿ ಟ್ಯೂಬು ತಿರುಗಿಸತೊಡಗಿದಳು. ಬೈದಿದ್ದರೆ, ಪಕ್ಕದಲ್ಲಿದ್ದ ಪಾನದಿಂದ ತಲೆಗೆ ಬಡಿದಿದ್ದರೆ ನನಗೆ ಹಗುರವಾಗುತ್ತಿತ್ತು. ಅದು ಅವಳಿಗೂ ಗೊತ್ತಿತ್ತೇನೋ, ಏನೂ ಮಾಡಲಿಲ್ಲ. ಕಣ್ಣೀರು ಇಳಿದು ಗದ್ದದಿಂದ ಬೋಗುಣಿಗೆ ಬೀಳುತ್ತಿತ್ತು, ಒರೆಸಿಕೊಳ್ಳಲಿಲ್ಲ. ಟ್ಯೂಬಿನ ತೂತು ಸಿಕ್ಕಿತು. ಬೆರಳಿನಿಂದ ಮುಚ್ಚಿ ಹಿಡಿದು, ಸೀಮೆಸುಣ್ಣದಲ್ಲಿ ಗುರುತು ಹಾಕಿ, ಎದ್ದು ಹೋಗಿ ಕಂಬದ ಹಗ್ಗದ ತುದಿ ತಂದು ನನ್ನ ಸುಲಿದ ಅಂಗೈಯ ಮೇಲಿಟ್ಟಳು.

“ನಾನು ಕ್ಷಮಿಸಲ್ಲ ಗುರುಶಾಂತಣ್ಣ,” ಅಂದಳು. “ನಾಳೆ ಬೇಗ ಊಟ ಮಾಡ್ಕೊಂಡು ಬಾ. ನೀರಿಗೆ ಮುಂಚೆ ಇಲ್ಲಿರಬೇಕು.”